ಆಕ್ರನ್‌ನಿಂದ ಅಕ್ಕನಿಗೆ

ಆಕ್ರನ್, ಓಹಾಯೋ
ಅಕ್ಟೋಬರ್ 14

ಪ್ರೀತಿಯ ಅಕ್ಕ,

‘ಇತ್ತ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ’ ಅಂತ ಕಾಗದ ಶುರು ಮಾಡೋದು ಅಪ್ಪ ಕಲಿಸಿದ ಪದ್ಧತಿ. ಎಷ್ಟೋ ವರ್ಷ ನಿನಗೆ ಆ ಸಾಲನ್ನು ಸುಳ್ಳಾಗಿ ಬರೆದಿದ್ದೇನೆ. ಇವತ್ತು ಬರೆಯುವುದಿಲ್ಲ. ನಾನು ಕುಡಿಯದೆ ಇವತ್ತಿಗೆ 11 ದಿನ. ನಿನ್ನೆ ಸಂಜೆ ಇಲ್ಲಿ ಆಲ್ಕೋಹಾಲಿಕ್ಸ್ ಅನಾನಿಮಸ್ ಅಂತ, ಕುಡಿತ ಬಿಡಬೇಕೆನ್ನುವವರ ಸಂಘದ ಮೀಟಿಂಗಿಗೆ ಹೋಗಿದ್ದೆ.

ಇಲ್ಲಿ ಮಗಳ ಮನೆಗೆ ಬಂದ ಎರಡನೇ ವಾರ ಅವಳು ಬಟ್ಟೆ ಜೋಡಿಸಲು ಸೂಟ್‌ಕೇಸ್ ತೆಗೆದಳು, ಖಾಲಿ ಬಾಟಲಿಗಳು ಸಿಕ್ಕವು. ಕೂಗಾಡಲಿಲ್ಲ. “ಅಪ್ಪಾ, ಪುಟ್ಟಿಯನ್ನ ನಿಮ್ಮ ಹತ್ತಿರ ಬಿಟ್ಟು ಹೋಗೋಕೆ ಭಯ ಆಗುತ್ತೆ” ಅಂದಳು. ಮೊಮ್ಮಗಳನ್ನು ನೋಡಿಕೊಳ್ಳಲೆಂದೇ ಬಂದವನು ನಾನು.

ಮೊದಲು ಡಾಕ್ಟರ ಬಳಿ ಕರೆದುಕೊಂಡು ಹೋದಳು. ದಿನಾ ಕುಡಿದ ದೇಹ ತಟ್ಟನೆ ಬಿಟ್ಟರೆ ಕೈಕಾಲು ನಡುಕ, ಫಿಟ್ಸ್, ಇಲ್ಲದ್ದೆಲ್ಲ ಕಾಣುವುದು, ಜೀವಕ್ಕೇ ಅಪಾಯ ಆಗಬಹುದು. ಅವರು ಕೊಟ್ಟ ಮಾತ್ರೆಯಲ್ಲಿ ಮೊದಲ ದಿನಗಳು ಕಳೆದವು. ನಮ್ಮೂರಲ್ಲಿ ಯಾರಿಗಾದರೂ ‘ಬಿಟ್ಟುಬಿಡಪ್ಪ’ ಅನ್ನುವಾಗ ಇದನ್ನೂ ಹೇಳು.

ಇದು ಟೈರಿನ ಊರು, ಗುಡ್‌ಇಯರ್ ಕಂಪನಿ ಹುಟ್ಟಿದ್ದು ಇಲ್ಲೇ. ನಾನು ನಿನ್ನೆ ಹೋದ ಆ ಸಂಘ ಹುಟ್ಟಿದ್ದೂ ಇಲ್ಲೇ ಅಂತ ಅಳಿಯ ಹೇಳಿದ. 1935ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಬಿಲ್ ವಿಲ್ಸನ್ ಯಾವುದೋ ವ್ಯವಹಾರಕ್ಕೆಂದು ಬಂದು, ಅದು ಕೈಕೊಟ್ಟು, ಮೇಫ್ಲವರ್ ಹೋಟೆಲಿನ ಪಡಸಾಲೆಯಲ್ಲಿ ನಿಂತಿದ್ದನಂತೆ. ಕುಡಿತ ಬಿಟ್ಟು ಐದೇ ತಿಂಗಳು. ಒಂದು ಕಡೆ ಬಾರಿನ ನಗು, ಇನ್ನೊಂದು ಕಡೆ ಟೆಲಿಫೋನು. ಆತ ಚರ್ಚುಗಳ ಪಟ್ಟಿ ನೋಡಿ ಫೋನ್ ಮಾಡಿದ: ಮಾತಾಡಲು ಇನ್ನೊಬ್ಬ ಕುಡುಕ ಬೇಕಾಗಿತ್ತು. ಮರುದಿನ ಸಿಕ್ಕವರು ಈ ಊರಿನ ಸರ್ಜನ್ ಡಾ. ಬಾಬ್ ಸ್ಮಿತ್. ಹದಿನೈದೇ ನಿಮಿಷ ಅಂತ ಬಂದ ಡಾಕ್ಟರು ರಾತ್ರಿ ಹನ್ನೊಂದಾದರೂ ಎದ್ದಿರಲಿಲ್ಲ. ಅವರು ಕೊನೆಯ ಸಲ ಕುಡಿದ ದಿನ ಜೂನ್ 10. ಅದನ್ನೇ ಸಂಘದ ಹುಟ್ಟಿದ ದಿನ ಅನ್ನುತ್ತಾರೆ.

ಆರ್ಡ್‌ಮೋರ್ ಅವೆನ್ಯೂ 855ರಲ್ಲಿರುವ ಡಾಕ್ಟರ ಮನೆ ಈಗ ನೋಡುವ ಜಾಗ. ಹೋದ ವಾರ ಅಲ್ಲಿಗೆ ಹೋಗಿದ್ದೆ, ಮನೆ ನೋಡುವ ನೆಪದಲ್ಲಿ. ಮನೆ ತೋರಿಸುತ್ತಿದ್ದ ಹಿರಿಯರು “ನೀವೂ ನಮ್ಮವರೇನಾ?” ಅಂತ ಮೆಲ್ಲಗೆ ಕೇಳಿದರು. “ಇಲ್ಲ” ಅಂದುಬಿಟ್ಟೆ. ಕಾರಿನ ತನಕ ಬಂದೆ, ಬಾಗಿಲು ತೆಗೆಯಲು ಕೈ ಬರಲಿಲ್ಲ. ವಾಪಸ್ ಹೋಗಿ ಮೀಟಿಂಗ್ ಎಲ್ಲಿ, ಎಷ್ಟು ಹೊತ್ತಿಗೆ ಅಂತ ಕೇಳಿದೆ. ಅವರು ಬೇರೇನೂ ಕೇಳದೆ ಬರೆದುಕೊಟ್ಟರು.

ಮೀಟಿಂಗ್ ನಡೆದದ್ದು ಒಂದು ಚರ್ಚಿನ ನೆಲಮಾಳಿಗೆಯಲ್ಲಿ. ಮಡಚುವ ಕುರ್ಚಿಗಳು, ದೊಡ್ಡ ಪಾತ್ರೆ ತುಂಬ ಕಾಫಿ, ಇಪ್ಪತ್ತು ಇಪ್ಪತ್ತೈದು ಜನ. ರಿಜಿಸ್ಟರ್ ಇಲ್ಲ, ಫೀಸಿಲ್ಲ. ಕುಡಿತ ಬಿಡಬೇಕೆಂಬ ಆಸೆ ಇದ್ದರೆ ಸಾಕು, ನೀವು ಸದಸ್ಯರು. ಖರ್ಚಿಗೆಂದು ಬುಟ್ಟಿ ಬಂತು, ಹೊಸಬರು ಹಾಕಬೇಡಿ ಅಂದರು. ಹೆಸರೂ ಅರ್ಧವೇ, ಮನೆತನದ ಹೆಸರು ಯಾರಿಗೂ ಬೇಡ.

ಈ ಸೀಮೆಯ ಮೀಟಿಂಗಿನಲ್ಲಿ ಒಬ್ಬರು ಎದ್ದು ತಮ್ಮ ಕಥೆ ಪೂರ್ತಿ ಹೇಳುತ್ತಾರೆ, ಅದಕ್ಕೆ ‘ಲೀಡ್’ ಅನ್ನುತ್ತಾರೆ. ಅಲ್ಲಿ ಕೇಳಿದ್ದನ್ನು ಅಲ್ಲೇ ಬಿಡಬೇಕು, ಹಾಗಾಗಿ ಅವರ ಕಥೆ ಬರೆಯುವುದಿಲ್ಲ. ಆದರೆ ಅಕ್ಕ, ಒಬ್ಬರೂ ನನಗೆ ಬುದ್ಧಿ ಹೇಳಲಿಲ್ಲ. ಬುದ್ಧಿಮಾತು ಕೇಳಿ ಕೇಳಿ ನನಗೆ ತಲೆ ತಗ್ಗಿಸೋದು ಅಭ್ಯಾಸ ಆಗಿತ್ತು. ತಗ್ಗಿಸಿ, ಮಾತು ಕೊಟ್ಟು, ಸಂಜೆಗೆ ಮತ್ತೆ ಅಂಗಡಿಗೆ ಹೋಗುತ್ತಿದ್ದೆ. ಇಲ್ಲಿ ಲೀಡ್ ಹೇಳಿದಾತ ತನ್ನ ಬಗ್ಗೆಯೇ ಹೇಳಿಕೊಂಡ. ಬಾಟಲಿ ಬಚ್ಚಿಡುವ ಜಾಗಗಳನ್ನು ಅವನು ಹೇಳುವ ಮೊದಲೇ ನಾನು ಊಹಿಸಬಲ್ಲವನಾಗಿದ್ದೆ.

ಹೊಸಬರು ಯಾರಾದರೂ ಇದ್ದೀರಾ ಅಂದಾಗ ಎದ್ದೆ. “ಐ ಆಮ್ ಆನ್ ಆಲ್ಕೋಹಾಲಿಕ್” ಅಂದೆ. ಪಾಠದ ವಾಕ್ಯ ಓದಿದ ಹಾಗೆ ಸಲೀಸಾಗಿ ಬಂತು. ಎಲ್ಲರೂ ಹೆಸರು ಹಿಡಿದು ಕರೆದು ಸ್ವಾಗತಿಸಿದರು. ಒಂದು ಬಿಲ್ಲೆ ಕೊಟ್ಟರು, ಮೊದಲ 24 ಗಂಟೆಯ ಗುರುತು.

ಕಾರಿನಲ್ಲಿ ಕೂತ ಮೇಲೆ ಕಷ್ಟ ಆಯಿತು. ಆ ಇಂಗ್ಲಿಷ್ ಪದ ನನ್ನನ್ನು ಮುಟ್ಟಿಯೇ ಇರಲಿಲ್ಲ. ನಮ್ಮ ಪದ ಬೇರೆ. ಬೀದಿಯಲ್ಲಿ ಯಾರಾದರೂ ತೂರಾಡುತ್ತಾ ಬಂದರೆ ಅಮ್ಮ ನಮ್ಮನ್ನು ಒಳಗೆಳೆದು ಬಾಗಿಲು ಹಾಕಿ ಹೇಳುತ್ತಿದ್ದಳಲ್ಲ, ಆ ಪದ. ಮಗಳ ಪಕ್ಕ ಕೂತು ಅದನ್ನು ಗಟ್ಟಿಯಾಗಿ ಹೇಳಿದೆ: “ನಾನು ಕುಡುಕ.” ಅವಳು ಗಾಡಿ ಸ್ಟಾರ್ಟ್ ಮಾಡದೆ ಬಹಳ ಹೊತ್ತು ನನ್ನ ಕೈ ಹಿಡಿದು ಕೂತಿದ್ದಳು. ಈಗ ನಿನಗೆ ಬರೆಯುತ್ತಿದ್ದೇನೆ. ನಿನ್ನ ತಮ್ಮ ಕುಡುಕ, ಅಕ್ಕ. ಮಗಳ ಅಮ್ಮ ಹೋದ ದುಃಖಕ್ಕೆ ಕುಡಿದೆ ಅಂತ ಎಲ್ಲರಿಗೂ ಹೇಳಿದೆ. ಅವಳು ಇದ್ದಾಗಲೇ ಕುಡಿಯುತ್ತಿದ್ದೆ, ನಿನಗೂ ಗೊತ್ತು.

ಧರ್ಮಸ್ಥಳದವರ ಮದ್ಯವರ್ಜನ ಶಿಬಿರ ನಮ್ಮ ತಾಲ್ಲೂಕಿಗೆ ಬಂದಾಗ ನೀನು ಬಸ್ಸು ಹತ್ತಿ ಬಂದು ಕರೆದಿದ್ದೆ. ಮೇಷ್ಟ್ರಾದ ನಾನು ಶಿಬಿರದಲ್ಲಿ ಕೂತರೆ ನಾಳೆ ಹುಡುಗರು ಏನಂತಾರೆ ಅಂತ ನಿನ್ನ ಮೇಲೆ ರೇಗಿ, ಒಂದು ವರ್ಷ ಮಾತು ಬಿಟ್ಟೆ. ಹುಡುಗರಿಗೆ ಮೊದಲೇ ಗೊತ್ತಿತ್ತು. ಬಾಯಿ ವಾಸನೆ ಮುಂದಿನ ಬೆಂಚಿನವರೆಗೂ ಹೋಗುತ್ತಿತ್ತು. ನನ್ನನ್ನು ಕ್ಷಮಿಸು.

ಡಿಸೆಂಬರಿಗೆ ವಾಪಸ್ ಬರುತ್ತೇನೆ. ಅಷ್ಟರಲ್ಲಿ ಒಂದು ಉಪಕಾರ ಮಾಡು. ಬೆಂಗಳೂರಿನಲ್ಲಿ ಈ ಸಂಘದ ಕನ್ನಡ ಮೀಟಿಂಗುಗಳು ನಡೆಯುತ್ತವೆ. ನಮ್ಮ ಜಿಲ್ಲೆಯಲ್ಲಿ ಎಲ್ಲಿದೆ ಅಂತ ಭಾವನವರಿಗೆ ವಿಚಾರಿಸಲು ಹೇಳು. ಶಿಬಿರ ಮುಗಿಸಿದವರು ಸೇರುವ ನವಜೀವನ ಸಮಿತಿಯಾದರೂ ಸರಿ. ಯಾರಿಗೆ ಅಂತ ಅವರು ಕೇಳಿದರೆ ಮುಚ್ಚಿಡಬೇಡ, ನನ್ನ ಹೆಸರು ಹೇಳು.

ನಾಳೆ ಏಳೂವರೆಗೆ ಇನ್ನೊಂದು ಮೀಟಿಂಗ್ ಇದೆ. ಹೋಗುತ್ತೇನೆ.

ಇಂತಿ,
ನಿನ್ನ ತಮ್ಮ