ಮರಳಿ ಕೇಳಬೇಕಾದ ಕಂಠ

ಚಿತ್ರಕಾರನು ಗತಿಸಿದರೂ ಅವನ ಚಿತ್ರ ಗೋಡೆಯ ಮೇಲಿರುತ್ತದೆ. ಶಿಲ್ಪಿಯು ಮರೆಯಾದರೂ ಅವನು ಕಡೆದ ಮೂರ್ತಿ ಗುಡಿಯಲ್ಲಿ ನಿಂತಿರುತ್ತದೆ. ಗಾಯಕನ ಭಾಗ್ಯ ಅಂಥದಲ್ಲ. ಅವನ ಕಂಠದಿಂದ ಹೊರಟ ಸ್ವರವು ಕೇಳುಗನ ಕಿವಿಯನ್ನು ಮುಟ್ಟಿದ ಮರುಗಳಿಗೆಯಲ್ಲಿಯೇ ಗಾಳಿಯಲ್ಲಿ ಲೀನವಾಗುತ್ತದೆ. ಶತಮಾನಗಳ ಕಾಲ ನಮ್ಮ ಸಂಗೀತವು ಗುರುವಿನ ಕಂಠದಿಂದ ಶಿಷ್ಯನ ಕಂಠಕ್ಕೆ ಹರಿದು ಬಂದಿತೇ ಹೊರತು ಬೇರಾವ ಪಾತ್ರೆಯಲ್ಲಿಯೂ ನಿಲ್ಲಲಿಲ್ಲ. 1902ರಲ್ಲಿ ಕಲಕತ್ತೆಯಲ್ಲಿ ಗೌಹರ್ ಜಾನ್ ಅವರ ಗಾಯನವನ್ನು ಗ್ರಾಮಫೋನ್ ತಟ್ಟೆಗೆ ಇಳಿಸಿಕೊಂಡಂದಿನಿಂದ ಈ ಸ್ಥಿತಿ ಬದಲಾಯಿತು. ಕಂಠವು ಮೌನವಾದ ಮೇಲೆಯೂ ಗಾನವು ಉಳಿಯಬಲ್ಲುದೆಂಬ ಭರವಸೆ ಅಂದು ಮೂಡಿತು. ಆದರೆ ಉಳಿದುದೆಲ್ಲವೂ ಕೇಳಲು ದೊರೆಯುತ್ತಿದೆಯೇ ಎಂಬ ಪ್ರಶ್ನೆ ಮಾತ್ರ ಇಂದಿಗೂ ರಸಿಕರನ್ನು ಕಾಡುತ್ತಿದೆ.

ಧಾರವಾಡದ ಸೀಮೆಯಲ್ಲಿ ಈ ಪ್ರಶ್ನೆಯನ್ನು ಎದೆಯಲ್ಲಿಟ್ಟುಕೊಂಡು ಬಾಳುತ್ತಿರುವ ಹಿರಿಯರು ಇಂದಿಗೂ ಸಿಗುತ್ತಾರೆ. ಅವರಲ್ಲೊಬ್ಬ ನಿವೃತ್ತ ಶಿಕ್ಷಕರು. ಅವರ ತಂದೆ ಕೊಂಡುತಂದ ಕೀಲಿ ಕೊಡುವ ಗ್ರಾಮಫೋನು ಮನೆಯಲ್ಲಿ ಇನ್ನೂ ಇದೆ. ಅದರ ಜೊತೆಗಿನ ಕಟ್ಟಿಗೆಯ ಪೆಟ್ಟಿಗೆಯಲ್ಲಿ ಪಂಡಿತ ಮಲ್ಲಿಕಾರ್ಜುನ ಮನಸೂರರ ಆರು ತಟ್ಟೆಗಳಿದ್ದವು. ಈಗ ನಾಲ್ಕು ಉಳಿದಿವೆ. ಒಂದು ತಟ್ಟೆ ನೆಲಕ್ಕೆ ಬಿದ್ದು ಚೂರಾಯಿತು. ಇನ್ನೊಂದಕ್ಕೆ ಅಂಚಿನಿಂದ ನಡುವಿನವರೆಗೆ ಬಿರುಕು ಬಿಟ್ಟಿದೆ. ಒಡೆದ ತಟ್ಟೆಯ ಒಂದು ಮಗ್ಗುಲಿನಲ್ಲಿ ವಚನವಿತ್ತು. ಬಾಲ್ಯದಲ್ಲಿ ಶ್ರಾವಣದ ಸೋಮವಾರಗಳಂದು ಮನೆಮಂದಿಯೆಲ್ಲ ಕೂತು ಕೇಳುತ್ತಿದ್ದ ಆ ವಚನವನ್ನು ಹಿರಿಯರು ಮೊಮ್ಮಗನಿಗೆ ಗುನುಗಿ ತೋರಿಸುತ್ತಾರೆ. ಆದರೆ ಗುನುಗುತ್ತ ಗುನುಗುತ್ತ ಅವರಿಗೇ ಅನುಮಾನವುಂಟಾಗುತ್ತದೆ. ಮೂವತ್ತು ವರ್ಷಗಳಿಂದ ಮೂಲವನ್ನು ಕೇಳದೆ ತಾವು ಹಾಡಿಕೊಳ್ಳುತ್ತಿರುವುದು ಮನಸೂರರ ಧಾಟಿಯೋ, ನೆನಪು ಕಟ್ಟಿಕೊಂಡ ಧಾಟಿಯೋ? ನಿರ್ಣಯಿಸಬೇಕಾದರೆ ಆ ತಟ್ಟೆಯೇ ಬೇಕು. ಅದು ಎಲ್ಲಿಯೂ ಸಿಗದು. ಹೀಗಾಗಿ ಆ ಹಿರಿಯರ ಆಸೆ ಒಂದೇ: ಆ ಹಳೆಯ ತಟ್ಟೆಗಳು ಮರುಮುದ್ರಣಗೊಂಡು ಬರಬೇಕು.

ಈ ಆಸೆಯನ್ನು ಕೇವಲ ಹಳೆಯ ಕಾಲದ ಮೋಹವೆಂದು ತಳ್ಳಿಹಾಕುವವರಿದ್ದಾರೆ. ಮನಸೂರರ ಜೀವನಕ್ರಮವನ್ನು ಬಲ್ಲವರು ಹಾಗೆನ್ನಲಾರರು. 1910ರ ಡಿಸೆಂಬರ್ 31ರಂದು ಧಾರವಾಡದ ಬಳಿಯ ಮನಸೂರಿನಲ್ಲಿ ಹುಟ್ಟಿದ ಅವರು ನಾಟಕ ಕಂಪನಿಯ ಬಾಲನಟರಾಗಿ ಬೆಳೆದರು. ಅಪ್ಪಯ್ಯಸ್ವಾಮಿಗಳಲ್ಲಿ ಕರ್ನಾಟಕ ಸಂಗೀತದ ಪಾಠವಾಯಿತು. ಮೀರಜದ ನೀಲಕಂಠಬುವಾ ಅವರಲ್ಲಿ ಗ್ವಾಲಿಯರ್ ಪರಂಪರೆಯ ಶಿಕ್ಷಣ ದೊರೆಯಿತು. 1930ರ ದಶಕದಲ್ಲಿ ಜೈಪುರ ಅತ್ರೌಲಿ ಘರಾಣೆಯ ಅಲ್ಲಾದಿಯಾ ಖಾನರ ಪುತ್ರ ಮಂಜಿಖಾನರ ಶಿಷ್ಯತ್ವ ಲಭಿಸಿತು. 1937ರಲ್ಲಿ ಮಂಜಿಖಾನರು ಅಕಾಲದಲ್ಲಿ ತೀರಿಕೊಂಡಾಗ ಅವರ ಸೋದರ ಭೂರ್ಜಿಖಾನರು ಶಿಷ್ಯನ ಕೈಹಿಡಿದರು. ಇದೇ ದಶಕದಲ್ಲಿಯೇ ಹಿಸ್ ಮಾಸ್ಟರ್ಸ್ ವಾಯ್ಸ್ ಕಂಪನಿಯ ತಟ್ಟೆಗಳಲ್ಲಿ ಅವರ ಕಂಠ ನಾಡಿನ ಮನೆಗಳನ್ನು ಪ್ರವೇಶಿಸಿತು. ಮುಂದೆ ಅವರು ಆ ಕಂಪನಿಯ ಸಂಗೀತ ನಿರ್ದೇಶಕರೂ, ಧಾರವಾಡ ಆಕಾಶವಾಣಿಯ ಸಂಗೀತ ಸಲಹೆಗಾರರೂ ಆದರು.

ಒಬ್ಬ ಗಾಯಕನು ಒಂದು ಘರಾಣೆಯ ನೆಲೆಯಿಂದ ಮತ್ತೊಂದರ ನೆಲೆಗೆ ನಡೆದುಹೋದ ಹಾದಿ ಆ ವರ್ಷಗಳಲ್ಲಿದೆ. ಆದರೆ ಅಖಿಲ ಭಾರತದ ಮನ್ನಣೆ ಅವರಿಗೆ ತಡವಾಗಿ ಬಂದಿತು. 1970ರಲ್ಲಿ ಪದ್ಮಶ್ರೀ, 1976ರಲ್ಲಿ ಪದ್ಮಭೂಷಣ, 1992ರಲ್ಲಿ ಪದ್ಮವಿಭೂಷಣ ದೊರೆತವು. ಅದೇ 1992ರ ಸೆಪ್ಟೆಂಬರ್ 12ರಂದು ಅವರು ದೈವಾಧೀನರಾದರು. ಪರಿಣಾಮವಾಗಿ ಇಂದಿನ ವಿದ್ಯಾರ್ಥಿಗೆ ಹೆಚ್ಚಾಗಿ ಪರಿಚಯವಿರುವುದು ಅರುವತ್ತು ದಾಟಿದ ಮನಸೂರರ ಕಂಠ. ಶುದ್ಧ ನಟ್, ಖಟ್, ಶಿವಮತ ಭೈರವದಂತಹ ಅಪರೂಪದ ರಾಗಗಳನ್ನು ಲೀಲೆಯಿಂದ ಬಿಡಿಸುವ ಆ ಪರಿಪಕ್ವ ಗಾಯನ ವಂದನೀಯವೇ ಸರಿ. ಆದರೆ ಹಣ್ಣನ್ನು ಮಾತ್ರ ಕಂಡವನಿಗೆ ಹೂವು ಬಿಟ್ಟ ಬಗೆ ತಿಳಿಯದು. ಮೂವತ್ತರ ಹರೆಯದ ಮನಸೂರರು ಮೂರು ನಿಮಿಷಗಳ ಇಕ್ಕಟ್ಟಿನಲ್ಲಿ ಒಂದು ರಾಗದ ಮುಖವನ್ನು ಹೇಗೆ ತೋರಿದರು, ತಾನಕ್ಕೆ ಎಲ್ಲಿ ಎಡೆಮಾಡಿಕೊಂಡರು, ಏನನ್ನು ಬಿಟ್ಟುಕೊಟ್ಟರು ಎಂಬುದನ್ನು ಕಲಿಸಬಲ್ಲ ಗುರು ಆ ತಟ್ಟೆಯೊಂದೇ.

ತಟ್ಟೆಯ ಪ್ರಭಾವವನ್ನು ಕುರಿತು ಹೆಚ್ಚು ಹೇಳಬೇಕಾಗಿಲ್ಲ. ಗದಗಿನ ಬಾಲಕ ಭೀಮಸೇನ ಜೋಶಿಯವರು ಅಬ್ದುಲ್ ಕರೀಮ್ ಖಾನರ ತಟ್ಟೆಯಲ್ಲಿ ಝಿಂಝೋಟಿಯ ಠುಮ್ರಿಯನ್ನು ಕೇಳಿ, ಗುರುವನ್ನು ಅರಸುತ್ತ ಮನೆಬಿಟ್ಟು ಹೊರಟ ಸಂಗತಿ ಎಲ್ಲರಿಗೂ ತಿಳಿದದ್ದೇ. ಅಂಗಡಿಯಲ್ಲಿ ಕೆಲವೇ ನಿಮಿಷ ತಿರುಗಿದ ಒಂದು ತಟ್ಟೆ ನಾಡಿಗೆ ಒಬ್ಬ ಮಹಾಗಾಯಕನನ್ನು ಕೊಟ್ಟಿತು. ಕೇಳಲು ಸಿಗದ ತಟ್ಟೆಯಿಂದ ಯಾವ ಬಾಲಕನೂ ಮನೆಬಿಟ್ಟು ಹೊರಡಲಾರನು.

ಈ ತಟ್ಟೆಗಳ ಆಯುಷ್ಯವೂ ಅಲ್ಪ. ಮುತ್ತುಗ, ಬೋರೆ ಮೊದಲಾದ ಮರಗಳ ಮೇಲೆ ಬಾಳುವ ಪುಟ್ಟ ಹುಳು ಸ್ರವಿಸುವ ಅರಗೇ ಅವುಗಳ ಮೂಲದ್ರವ್ಯ. ಅದಕ್ಕೆ ಕಲ್ಲಿನ ಹುಡಿ, ಕಾಡಿಗೆ ಸೇರಿಸಿ, ಕಾಯಿಸಿ, ಲೋಹದ ಅಚ್ಚಿನ ನಡುವೆ ಒತ್ತಿದರೆ ತಟ್ಟೆ ಸಿದ್ಧವಾಗುತ್ತಿತ್ತು. ಉಕ್ಕಿನ ಮುಳ್ಳು ಪ್ರತಿಯೊಂದು ಸಲವೂ ಗೆರೆಯನ್ನು ಸ್ವಲ್ಪ ಸ್ವಲ್ಪವೇ ಸವೆಸುತ್ತದೆ. ಅತಿಯಾಗಿ ಪ್ರೀತಿಸಿದ ತಟ್ಟೆಯೇ ಬೇಗ ಸವೆಯುವುದು ವಿಧಿಯ ವೈಚಿತ್ರ್ಯ. ನಿವೃತ್ತ ಶಿಕ್ಷಕರ ಮನೆಯಲ್ಲಿ ಉಳಿದ ನಾಲ್ಕು ತಟ್ಟೆಗಳನ್ನು ಈಗ ವರ್ಷಕ್ಕೊಮ್ಮೆಯೂ ಹಚ್ಚುವುದಿಲ್ಲ. ಕೇಳಿದರೆ ಸವೆಯುತ್ತವೆ, ಕೇಳದಿದ್ದರೆ ಇದ್ದೂ ಇಲ್ಲದಂತೆ.

ಮೊಮ್ಮಗನು ಸಂಗೀತ ಕಲಿಯುವ ಹುಡುಗ. ಅಜ್ಜನ ಬೇಸರವನ್ನು ಕಂಡು ಅವನು ಒಂದು ದಿನ ಮೊಬೈಲಿನಲ್ಲಿ ಯಾರೋ ಏರಿಸಿದ ಹಳೆಯ ಮುದ್ರಣವೊಂದನ್ನು ಹುಡುಕಿ ಕೇಳಿಸಿದನು. ಮೊದಲ ಆಲಾಪಕ್ಕೇ ಹಿರಿಯರ ಹುಬ್ಬು ಗಂಟಿಕ್ಕಿತು. “ಅಜ್ಜಾ, ಸಣ್ಣವರಿದ್ದಾಗ ಅವರ ದನಿ ಇಷ್ಟು ತೆಳ್ಳಗಿತ್ತೇನು?” ಎಂದು ಹುಡುಗ ಕೇಳಿದನು. “ಇಲ್ಲಪ್ಪಾ, ತಟ್ಟಿ ಜೋರು ತಿರುಗೇದ” ಎಂದರು ಅಜ್ಜ. ಅವರ ಮಾತು ನಿಜ. ನಿಮಿಷಕ್ಕೆ 78 ಸುತ್ತು ತಿರುಗಬೇಕಾದ ತಟ್ಟೆ 82 ಅಥವಾ 83 ಸುತ್ತು ತಿರುಗಿದರೆ ಷಡ್ಜವು ಸುಮಾರು ಅರ್ಧ ಸ್ವರದಷ್ಟು ಮೇಲೇರುತ್ತದೆ. ಹಾರ್ಮೋನಿಯಮ್ಮಿನ ಲೆಕ್ಕದಲ್ಲಿ ಕಪ್ಪು ಒಂದು ಹೋಗಿ ಬಿಳಿ ಎರಡಾಗುತ್ತದೆ. ಲಯವೂ ಚುರುಕಾಗಿ, ಕಂಠದ ಘನತೆ ಕರಗಿಹೋಗುತ್ತದೆ. ಆ ಮುದ್ರಣದ ಜೊತೆಗೆ ವರ್ಷವಿರಲಿಲ್ಲ. ಪಕ್ಕವಾದ್ಯದವರ ಹೆಸರೂ ಇರಲಿಲ್ಲ. ಏನೂ ಇಲ್ಲದಿರುವುದಕ್ಕಿಂತ ಇದು ಲೇಸೆಂಬುದು ದಿಟ. ಆದರೂ ಕಲಿಯುವ ಮಗುವಿನ ಕಿವಿಯಲ್ಲಿ ಇಂಥ ದನಿಯೇ ಮಲ್ಲಿಕಾರ್ಜುನ ಮನಸೂರರ ದನಿಯೆಂದು ನೆಲೆಯೂರಿದರೆ ಆಗುವ ಹಾನಿ ಸಣ್ಣದಲ್ಲ.

ಆದುದರಿಂದ ರಸಿಕರು ಬಯಸುವ ಮರುಮುದ್ರಣವು ಹಳೆಯ ದನಿಯನ್ನು ಹೊಸ ಡಬ್ಬಿಗೆ ತುಂಬುವಷ್ಟರಿಂದ ಪೂರೈಸುವಂಥದಲ್ಲ. ಮನಸೂರರ ಕೆಲವು ಮುದ್ರಣಗಳು ಕ್ಯಾಸೆಟ್ಟುಗಳಾಗಿ, ಅಡಕಮುದ್ರಿಕೆಗಳಾಗಿ ಬಂದಿವೆ. ಅವನ್ನು ತಂದವರಿಗೆ ನಾಡು ಋಣಿ. ಇನ್ನು ಬೇಕಾದುದು ಕಾಲಾನುಕ್ರಮದ ಜೋಡಣೆ. ಖ್ಯಾಲುಗಳೂ ವಚನಗಳೂ ಕನ್ನಡ ಪದಗಳೂ ಹಾಡಿದ ಕ್ರಮದಲ್ಲಿಯೇ ದೊರೆಯಬೇಕು. ಪ್ರತಿಯೊಂದರ ವರ್ಷ, ರಾಗ, ತಾಳ, ತಟ್ಟೆಯ ಸಂಖ್ಯೆಗಳನ್ನು ನಮೂದಿಸಬೇಕು. ತಟ್ಟೆಯ ವೇಗವನ್ನು ಬಲ್ಲವರಿಂದ ಸರಿಪಡಿಸಿರಬೇಕು. ಕರಕರ ಸದ್ದನ್ನು ತೆಗೆಯುವ ಭರದಲ್ಲಿ ತಂಬೂರಿಯ ನಾದವನ್ನೂ ಕಂಠದ ತುದಿಯನ್ನೂ ಒರಸಿ ಹಾಕಿರಬಾರದು.

ಇದಕ್ಕೆ ಕಾನೂನಿನ ಅಡ್ಡಿಯೂ ಬಹುಮಟ್ಟಿಗೆ ಕಳೆದಿದೆ. ಭಾರತದ 1957ರ ಕೃತಿಸ್ವಾಮ್ಯ ಕಾಯದೆಯ ಪ್ರಕಾರ ಧ್ವನಿಮುದ್ರಣದ ಹಕ್ಕು ಮೊದಲು 50 ವರ್ಷಗಳಿತ್ತು. 1992ರಲ್ಲಿ ಅದನ್ನು 60 ವರ್ಷಗಳಿಗೆ ಹೆಚ್ಚಿಸಲಾಯಿತು. ಪ್ರಕಟವಾದ ಮರುವರ್ಷದಿಂದ ಈ ಲೆಕ್ಕ ಆರಂಭವಾಗುತ್ತದೆ. ಅಂದಮೇಲೆ 1930 ಮತ್ತು 1940ರ ದಶಕಗಳಲ್ಲಿ ಹೊರಬಂದ ತಟ್ಟೆಗಳ ಅವಧಿ ಮುಗಿದು ವರ್ಷಗಳೇ ಆದವು. ಮುಂದಿನ ದಶಕಗಳ ದೀರ್ಘವಾದನ ತಟ್ಟೆಗಳಿಗೆ ಮಾತ್ರ ಹಕ್ಕುದಾರರ ಒಪ್ಪಿಗೆ ಬೇಕು. ಹೀಗೆ ಕಾಯದೆ ಬಾಗಿಲು ತೆರೆದಿದ್ದರೂ ಒಳಗೆ ತರಬೇಕಾದ ತಟ್ಟೆ ಯಾವುದೋ ಮನೆಯ ಅಟ್ಟದ ಮೇಲೆ ಧೂಳು ತಿನ್ನುತ್ತಿರಬಹುದು. ಕಂಪನಿಯ ದಾರಿ ಕಾಯುತ್ತ ಕುಳಿತರೆ, ತಟ್ಟೆ ಅಷ್ಟು ಕಾಲ ಕಾಯುವುದೆಂಬ ಭರವಸೆಯಿಲ್ಲ.

ಈ ಕಾರಣದಿಂದ ಆಸೆಯು ಕರ್ತವ್ಯವಾಗಿ ಮಾರ್ಪಡಬೇಕಾಗಿದೆ. ಹಳೆಯ ತಟ್ಟೆಗಳಿರುವ ಮನೆಯವರು ಅವನ್ನು ಒಂದರ ಮೇಲೊಂದು ಹೇರದೆ, ಬಿಸಿಲು ತಾಕದ ಕಡೆ ನೇರವಾಗಿ ನಿಲ್ಲಿಸಿಡಬೇಕು. ಸ್ಪಿರಿಟ್ಟಿನಿಂದ ಒರಸಲೇಬಾರದು; ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ. ನಡುವಿನ ಚೀಟಿಯ ಮೇಲಿನ ಸಂಖ್ಯೆಯನ್ನೂ, ಚೀಟಿಯ ಸುತ್ತಲಿನ ನುಣುಪು ಭಾಗದಲ್ಲಿ ಮೂಡಿರುವ ಸಣ್ಣ ಸಂಖ್ಯೆಯನ್ನೂ ಬರೆದಿಟ್ಟರೆ ಮುದ್ರಣದ ಕಾಲವನ್ನು ನಿಶ್ಚಯಿಸಲು ನೆರವಾಗುತ್ತದೆ. ಬಿರುಕು ಬಿಟ್ಟ ತಟ್ಟೆಯನ್ನೂ ಎಸೆಯಬಾರದು. ನುರಿತವರು ಅದರಿಂದಲೂ ದನಿಯನ್ನು ಹೊರತೆಗೆಯಬಲ್ಲರು. ಶಾಲೆ ಕಾಲೇಜುಗಳ ಅಧ್ಯಾಪಕರು ವಿದ್ಯಾರ್ಥಿಗಳ ಮೂಲಕ ಊರೂರಿನ ತಟ್ಟೆಗಳ ಯಾದಿಯನ್ನು ಸಿದ್ಧಪಡಿಸಬಹುದು. ಉಳ್ಳವರು ಅಗಲವಾದ ಗೆರೆಗೆ ತಕ್ಕ ಮುಳ್ಳುಳ್ಳ ಉಪಕರಣವನ್ನು ಒದಗಿಸಬಹುದು. ಇದಕ್ಕೆ ಬೇಕಾದ ಹಣಕ್ಕಿಂತಲೂ ಶ್ರದ್ಧೆ ದೊಡ್ಡದು.

ನಿವೃತ್ತ ಶಿಕ್ಷಕರು ಬಿರುಕು ಬಿಟ್ಟ ತಟ್ಟೆಯನ್ನು ಅರಿವೆಯಲ್ಲಿ ಸುತ್ತಿ, ಅದರ ಸಂಖ್ಯೆಗಳನ್ನು ಮೊಮ್ಮಗನ ಕೈಯಿಂದ ನೋಟುಪುಸ್ತಕದಲ್ಲಿ ಬರೆಯಿಸಿದ್ದಾರೆ. ಒಡೆದುಹೋದ ವಚನದ ತಟ್ಟೆಯ ಚೂರುಗಳಲ್ಲಿ ಚೀಟಿಯಿದ್ದ ನಡುವಿನ ತುಂಡು ದೊರೆತಿದೆ. ಅದರ ಮೇಲಿನ ಸಂಖ್ಯೆಯ ಕೊನೆಯ ಅಂಕಿ ಅಳಿಸಿದೆ, ಉಳಿದವು ಸ್ಪಷ್ಟವಾಗಿವೆ. ಅಷ್ಟು ಸುಳಿವು ಹಿಡಿದು ಹುಡುಗನು ಈಗ ಹುಬ್ಬಳ್ಳಿ, ಗದಗ, ಬೆಳಗಾವಿಗಳ ಪರಿಚಿತರ ಮನೆಗಳಿಗೆ ಕಾಗದ ಬರೆಯುತ್ತಿದ್ದಾನೆ. ಇನ್ನೊಂದು ಪ್ರತಿ ಯಾರ ಮನೆಯಲ್ಲಿಯಾದರೂ ಇದ್ದರೆ, ಅಜ್ಜನ ಕಿವಿ ಚೆನ್ನಾಗಿರುವಾಗಲೇ ಅದು ದೊರೆಯಲೆಂಬುದು ಅವನ ಹಾರೈಕೆ.