ಕೈ ಬದಲಾಗುವ ಕ್ಯಾಮರಾಗಳು

ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಸೀರೆ, ಅವೆನ್ಯೂ ರಸ್ತೆಯಲ್ಲಿ ಪುಸ್ತಕ, ಎಸ್.ಪಿ. ರಸ್ತೆಯಲ್ಲಿ ವಿದ್ಯುತ್ ಸಾಮಾನು—ಹೀಗೆ ಒಂದೊಂದು ಸರಕಿಗೂ ಒಂದೊಂದು ಬೀದಿ ಉಂಟು. ಆದರೆ ಅಂಗಡಿಯಿಲ್ಲದ, ಫಲಕವಿಲ್ಲದ, ವರ್ತಕನೂ ಇಲ್ಲದ ಪೇಟೆಯೊಂದು ನಗರದ ದಕ್ಷಿಣದ ಬಡಾವಣೆಗಳಲ್ಲಿ ಹರಡಿಕೊಂಡಿದೆ. ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳಲ್ಲಿ ಭಾನುವಾರದ ಬೆಳಿಗ್ಗೆ ಹೆಗಲಿಗೆ ಚೀಲ ಹಾಕಿಕೊಂಡು, ಕೈಯಲ್ಲಿ ಮೊಬೈಲು ಹಿಡಿದು, ಮೇನ್ ಯಾವುದು ಕ್ರಾಸ್ ಯಾವುದೆಂದು ತಿಳಿಯದೆ ಗೇಟುಗಳ ಮೇಲಿನ ಸಂಖ್ಯೆ ಓದುತ್ತ ನಡೆಯುವ ತರುಣ ಕಂಡರೆ, ಆತ ವಧುವನ್ನು ನೋಡಲು ಬಂದವನೆಂದು ಭಾವಿಸಬೇಕಾಗಿಲ್ಲ. ಹಳೆಯ ಕ್ಯಾಮರಾ ನೋಡಲು ಬಂದವನೂ ಇರಬಹುದು. ಎರಡರಲ್ಲಿಯೂ ಪರೀಕ್ಷೆ, ಸಂಕೋಚ, ಕಾಫಿ ಇವೆಲ್ಲ ಹೆಚ್ಚುಕಡಿಮೆ ಒಂದೇ ಬಗೆ.

ಈ ಪೇಟೆ ಇಲ್ಲಿ ಬೆಳೆದುದು ಆಶ್ಚರ್ಯವಲ್ಲ. 1948ರಲ್ಲಿ ಅಡಿಗಲ್ಲು ಬಿದ್ದ ಜಯನಗರದಲ್ಲಿ ಸರ್ಕಾರಿ ನೌಕರರೂ ಅಧ್ಯಾಪಕರೂ ಕಾರ್ಖಾನೆಗಳ ಎಂಜಿನಿಯರುಗಳೂ ಮನೆ ಕಟ್ಟಿದರು. ಅಂಥ ಮನೆಗಳ ಬೀರುಗಳಲ್ಲಿ ರೇಷ್ಮೆ ಸೀರೆಗಳ ಪಕ್ಕದಲ್ಲಿ ಕ್ಯಾಮರಾಗೂ ಒಂದು ಜಾಗವಿತ್ತು. ಮೊದಲು ನಮ್ಮ ದೇಶದಲ್ಲೇ ತಯಾರಾದ ಆಗ್ಫಾ ಕ್ಲಿಕ್-3: ಒಂದು ಸುರುಳಿಗೆ 12 ಚಿತ್ರ, ಅದೂ ಲೆಕ್ಕವಿಟ್ಟು, ನಾಮಕರಣಕ್ಕೆ ಮೂರು, ಪ್ರವಾಸಕ್ಕೆ ಆರು ಎಂದು. ಆಮೇಲೆ ವಿದೇಶಕ್ಕೆ ಹೋದ ಮಗನೋ ಭಾವಮೈದುನನೋ ತಂದ ಯಾಷಿಕಾ, ನಿಕಾನ್. ಮೇಲಾಗಿ, ಈ ನಗರಕ್ಕೆ ಛಾಯಾಗ್ರಹಣದ ಹುಚ್ಚು ಹಳೆಯದು. ವನ್ಯಜೀವಿಗಳ ಚಿತ್ರಗಳಿಂದ ಹೆಸರಾದ ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಇಬ್ಬರೂ ಬೆಂಗಳೂರಿನಲ್ಲಿದ್ದವರೇ. 1971ರಲ್ಲಿ ಆರಂಭವಾದ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಹವ್ಯಾಸಿಗಳನ್ನು ಒಂದೆಡೆ ಸೇರಿಸಿತು.

ಇಂದು ಮಾರುವವರಲ್ಲಿ ಪಂಗಡಗಳುಂಟು. ಭೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳ ಮೊದಲಕ್ಷರಗಳನ್ನು ಹೊತ್ತ ಬಿ.ಟಿ.ಎಂ.ನಲ್ಲಿ ಬಾಡಿಗೆ ಮನೆಯ ತರುಣ ಎಂಜಿನಿಯರು ಮಾರುತ್ತಾನೆ. ಹಿಂದಿನ ವರ್ಷ ಕೊಡಗಿಗೆ ಹೋಗುವಾಗ ಕೊಂಡದ್ದು. ಹತ್ತು ಬಾರಿಯೂ ಪೆಟ್ಟಿಗೆಯಿಂದ ಹೊರಬಂದಿರದು. ಮದುವೆಗಳ ಚಿತ್ರ ತೆಗೆಯುವವರು ಮಾರುವ ಯಂತ್ರವಾದರೋ ದುಡಿದು ದಣಿದ ಎತ್ತು. ಸಾಧಾರಣ ಮಾದರಿಗಳ ಶಟರು ಸುಮಾರು 1 ಲಕ್ಷ ಸಲ, ಮೇಲ್ಮಟ್ಟದ ಮಾದರಿಗಳದು 2 ಲಕ್ಷ ಸಲ ಅಥವಾ ಅದಕ್ಕೂ ಹೆಚ್ಚು ಬಾಳುವುದೆಂದು ತಯಾರಕರ ಅಂದಾಜು. ಒಂದು ಮುಹೂರ್ತದ ಋತುವಿನಲ್ಲಿಯೇ ಅದರ ದೊಡ್ಡ ಪಾಲು ಸವೆಯಬಹುದು. ಮೂರನೆಯ ಪಂಗಡ ಜಯನಗರ, ಬನಶಂಕರಿಗಳ ಹಳೆಯ ಮನೆಗಳು. ಅಲ್ಲಿ ಮಾರುವವರಿಗೆ ಹಣದ ಅಗತ್ಯವಿರಬೇಕೆಂದಿಲ್ಲ. ಅಟ್ಟ ಖಾಲಿಯಾಗಬೇಕಾಗಿದೆ, ಅಷ್ಟೆ.

ಬೆಲೆ ಇಳಿದಿರುವುದಂತೂ ನಿಜ. ಮೊಬೈಲು ಒಂದು ಕಾರಣ. 2018ರಲ್ಲಿ ಕ್ಯಾನನ್, ನಿಕಾನ್ ಎರಡೂ ಕನ್ನಡಿಯಿಲ್ಲದ ಹೊಸ ಬಗೆಯ ಕ್ಯಾಮರಾಗಳಿಗೆ ಹೊಸ ಅಳತೆಯ ಬಳೆಗಳನ್ನು ತಂದುದು ಇನ್ನೊಂದು. ಹಳೆಯ ಲೆನ್ಸುಗಳು ಒಮ್ಮೆಗೇ ಹಿಂದಿನ ತಲೆಮಾರಾದವು. ಅಲ್ಪ ಬಂಡವಾಳದ ಹವ್ಯಾಸಿಗೆ ಇದೇ ಸುಗ್ಗಿ; ಆದರೆ ಸುಗ್ಗಿಯಲ್ಲಿಯೂ ಜೊಳ್ಳುಂಟು. ನಿಕಾನ್ 1959ರಲ್ಲಿ ರೂಪಿಸಿದ ಎಫ್ ಬಳೆ ಇವತ್ತಿಗೂ ಒಂದೇ ಎಂಬ ಧೈರ್ಯದಿಂದ 1977ಕ್ಕೆ ಹಿಂದಿನ ಲೆನ್ಸನ್ನು ಈಚಿನ ಕ್ಯಾಮರಾಕ್ಕೆ ತಿರುಗಿಸಿದರೆ, ಒಳಗಿನ ಸಣ್ಣ ಸನ್ನೆ ಮುರಿಯಲೂಬಹುದು. ಕೆಲವು ಅಗ್ಗದ ಮಾದರಿಗಳಲ್ಲಿ ಮೋಟಾರಿಲ್ಲದ ಕಾರಣ ಹಳೆಯ ಸ್ವಯಂಚಾಲಿತ ಲೆನ್ಸುಗಳನ್ನು ಕೈಯಿಂದಲೇ ತಿರುಗಿಸಬೇಕಾಗುತ್ತದೆ. ಮನೆಗೆ ಬಂದ ಮೇಲೆ ಇದು ತಿಳಿದರೆ ಮಾರಿದವನನ್ನು ದೂರುವಂತಿಲ್ಲ.

ಕಾಗದದ ವಿಷಯವನ್ನು ಸಂಕೋಚದಿಂದ ಬಿಡುವವರೇ ಹೆಚ್ಚು. 1930ರ ಸರಕು ಮಾರಾಟ ಕಾಯ್ದೆಯಂತೆ ಸಾಮಾನ್ಯವಾಗಿ ಮಾರುವವನು ತನಗಿಲ್ಲದ ಹಕ್ಕನ್ನು ಕೊಳ್ಳುವವನಿಗೆ ಕೊಡಲಾರ. ಕದ್ದ ಕ್ಯಾಮರಾಕ್ಕೆ ಪೂರ್ತಿ ಬೆಲೆ ತೆತ್ತರೂ ಅದು ನಿಜವಾದ ಒಡೆಯನದೇ. ಆದುದರಿಂದ ತಳದಲ್ಲಿ ಕೆತ್ತಿದ ಕ್ರಮಸಂಖ್ಯೆಯೂ ಬಿಲ್ಲಿನಲ್ಲಿರುವುದೂ ಒಂದೇ ಆಗಿವೆಯೇ ಎಂದು ನೋಡುವುದು ಅವಮಾನವಲ್ಲ. ಮಾರುವವರಿಗೂ ಅಪಾಯ ಉಂಟು. ತಾನು ಸೈನ್ಯದವನೆಂದು ಹೇಳಿಕೊಂಡು, ವಸ್ತುವನ್ನು ಕಣ್ಣಿನಿಂದ ನೋಡದೆಯೇ ಕೇಳಿದ ಬೆಲೆಗೆ ಒಪ್ಪಿ, "ಹಣ ಕಳಿಸಿದ್ದೇನೆ, ಈ ಚೌಕಟ್ಟನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿ" ಎನ್ನುವವನ ಕಥೆ ಈಗ ಮನೆಮನೆಗೂ ಗೊತ್ತು. ಹಣ ಪಡೆಯುವುದಕ್ಕೆ ಪಿನ್ ಬೇಕಿಲ್ಲ, ಕಳೆದುಕೊಳ್ಳುವುದಕ್ಕೆ ಮಾತ್ರ ಬೇಕು. ಇಂಥ ವಂಚನೆಯನ್ನು ತಡಮಾಡದೆ ತಿಳಿಸಲು 1930 ಎಂಬ ಸಹಾಯವಾಣಿ ಇದೆ. ಕಾಯ್ದೆಯ ಇಸವಿಯೂ ಅದೇ ಆದುದು ಕೇವಲ ಕಾಕತಾಳೀಯ.

ಜಯನಗರದ ಹಳೆಯ ಮನೆಯೊಂದರಲ್ಲಿ ಭೇಟಿ ಹೇಗೆ ನಡೆದೀತೆಂಬುದನ್ನು ವಾಚಕರು ಊಹಿಸಿನೋಡಬಹುದು. ಕೊಳ್ಳುವವನು ಹಸಿರು ಮಾರ್ಗದ ಮೆಟ್ರೋದಿಂದ ಸೌತ್ ಎಂಡ್ ವೃತ್ತದಲ್ಲಿಳಿದು ಮರಗಳ ನೆರಳಿನಲ್ಲಿ ನಡೆದುಬರುತ್ತಾನೆ. ಬಾಗಿಲು ತೆರೆಯುವವರು ಮನೆಯ ಸೊಸೆ. "ಬನ್ನಿ, ಕೂತ್ಕೊಳ್ಳಿ. ನಮ್ಮ ಮಾವನವರದು. ನಮಗೆ ಇದರ ಗಂಧವೇ ಗೊತ್ತಿಲ್ಲ" ಎಂದು ಚರ್ಮದ ಚೀಲವನ್ನು ಮೇಜಿನ ಮೇಲಿಡುತ್ತಾರೆ. ಒಳಗೆ ನಿಕಾನ್ ಎಫ್‌ಎಂ-2. 1982ರಲ್ಲಿ ಹೊರಬಂದ ಮಾದರಿ, ಬೆಳಕಳೆಯುವ ಕೆಲಸವೊಂದನ್ನು ಬಿಟ್ಟರೆ ಬ್ಯಾಟರಿಯ ಹಂಗೇ ಇಲ್ಲದೆ ನಡೆಯುವಂಥದು.

ಪಳಗಿದವನು ಮೊದಲು ಟಾರ್ಚು ತೆಗೆಯುತ್ತಾನೆ. ಲೆನ್ಸಿನ ಒಂದು ಬದಿಯಿಂದ ಬೆಳಕು ಬಿಟ್ಟು ಇನ್ನೊಂದು ಬದಿಯಿಂದ ಓರೆಯಾಗಿ ನೋಡಿದರೆ ಜೇಡರಬಲೆಯಂಥ ಎಳೆಗಳು ಕಾಣಬಹುದು. ಅದೇ ಬೂಷ್ಟು. ಕರಾವಳಿಯಷ್ಟಲ್ಲದಿದ್ದರೂ ಮಳೆಗಾಲದ ಬೆಂಗಳೂರಿನ ತೇವವೂ ಅದಕ್ಕೆ ಸಾಕು. ಮಾವನವರು ಅಷ್ಟು ಜತನದಿಂದ ಮುಚ್ಚಿಟ್ಟ ಚರ್ಮದ ಚೀಲವೇ ತೇವವನ್ನು ಹಿಡಿದಿಡುವ ಶತ್ರು. ಗಾಳಿಯಾಡುವ ಜಾಗದಲ್ಲಿಟ್ಟು ಆಗಾಗ ಬಳಸಿದ್ದರೆ ಇಷ್ಟಾಗುತ್ತಿರಲಿಲ್ಲ. ಪ್ರೀತಿಯಿಂದ ಕೆಟ್ಟ ವಸ್ತುಗಳು ಈ ಪೇಟೆಯಲ್ಲಿ ಅನೇಕ. ಬೆಳಕಿನ ಕಿಂಡಿಯ ರೆಕ್ಕೆಗಳಲ್ಲಿ ಎಣ್ಣೆಯಿದೆಯೇ, ಒಂದು ಸೆಕೆಂಡಿನ ಶಟರು ನಿಜವಾಗಿ ಒಂದು ಸೆಕೆಂಡು ನಿಲ್ಲುತ್ತದೆಯೇ ಎಂದು ಆತ ಕಿವಿಗೊಡುತ್ತಾನೆ. ಡಿಜಿಟಲ್ ಆಗಿದ್ದರೆ ಕೆಲಸ ಬೇರೆ: ಮುಚ್ಚಳ ಹಾಕಿಯೇ ಒಂದು ಚಿತ್ರ ತೆಗೆದರೆ ಕೆಟ್ಟ ಚುಕ್ಕೆಗಳು ಕತ್ತಲೆಯಲ್ಲಿ ಹೊಳೆಯುತ್ತವೆ, ಕಿಂಡಿಯನ್ನು 16ಕ್ಕೆ ಕಿರಿದುಮಾಡಿ ಆಕಾಶದ ಚಿತ್ರ ತೆಗೆದರೆ ಧೂಳೆಲ್ಲ ಕಲೆಗಳಾಗಿ ಮೂಡುತ್ತದೆ.

ಆದರೆ ಹಿಂಬಾಗಿಲನ್ನು ಮಾತ್ರ ಆತ ಕೂಡಲೇ ತೆರೆಯುವುದಿಲ್ಲ. ಎಡಗಡೆಯ ಸುತ್ತುವ ಗುಂಡಿಯನ್ನು ಬಾಣದ ದಿಕ್ಕಿಗೆ ಮೆಲ್ಲನೆ ತಿರುಗಿಸುತ್ತಾನೆ. ಅದು ಸಡಿಲವಾಗಿ ತಿರುಗಿದರೆ ಒಳಗೇನೂ ಇಲ್ಲ. ಬಿಗಿಹಿಡಿದರೆ ಫಿಲ್ಮು ಇದೆ.

ಬಿಗಿಹಿಡಿಯುತ್ತದೆ. ಎಣಿಕೆಯ ಕಿಂಡಿಯಲ್ಲಿ 22 ಎಂದಿದೆ.

"ಇದರಲ್ಲಿ ಸುರುಳಿ ಇದೆಯಮ್ಮ. ಹಾಗೆಯೇ ತೆರೆದರೆ ಬೆಳಕು ಬಿದ್ದು ಹಾಳಾಗುತ್ತದೆ" ಎನ್ನುತ್ತಾನೆ ಆತ. ಸೊಸೆ ಒಳಗೆ ಹೋಗಿ ಅತ್ತೆಯವರನ್ನು ಕರೆತರುತ್ತಾರೆ. ಯಾವ ವರ್ಷದ ಸುರುಳಿ, ಯಾರ ಯಾರ ಚಿತ್ರ ಎಂದು ಲೆಕ್ಕ ಹಾಕಲು ಆರಂಭವಾಗುತ್ತದೆ. ತಿರುಪತಿಯೋ, ಮೊಮ್ಮಗಳ ಮೊದಲ ಹುಟ್ಟುಹಬ್ಬವೋ ಎಂಬುದು ತೀರ್ಮಾನವಾಗುವುದಿಲ್ಲ. ಅಷ್ಟರಲ್ಲಿ ಆತ ತಳದ ಸಣ್ಣ ಗುಂಡಿಯನ್ನೊತ್ತಿ, ಫಿಲ್ಮನ್ನು ಹಿಂದಕ್ಕೆ ಸುತ್ತಿ, ಡಬ್ಬಿಯನ್ನು ಹೊರತೆಗೆದು ಅತ್ತೆಯವರ ಅಂಗೈಯಲ್ಲಿಡುತ್ತಾನೆ. ಇಷ್ಟು ವರ್ಷ ಬಿಸಿಲು ಚಳಿ ಕಂಡ ಫಿಲ್ಮಿನಲ್ಲಿ ಚಿತ್ರ ಉಳಿದಿರಬಹುದು, ಮಂಜು ಮುಸುಕಿರಬಹುದು ಎಂದು ಹೇಳುವುದನ್ನೂ ಮರೆಯುವುದಿಲ್ಲ.

ಚೌಕಾಸಿ ಆಮೇಲೆ. ಬೂಷ್ಟಿನ ಕಾರಣ ಆತ ಕೇಳುವ ರಿಯಾಯಿತಿಗೆ ಸೊಸೆ ಮೊದಲು ಒಪ್ಪುವುದಿಲ್ಲ, ಅತ್ತೆ ಒಪ್ಪುತ್ತಾರೆ. ಒಂದು ಹಾಳೆಯಲ್ಲಿ ಕ್ರಮಸಂಖ್ಯೆ, ಬೆಲೆ, ತಾರೀಖು ಬರೆದು ಇಬ್ಬರೂ ರುಜು ಹಾಕುತ್ತಾರೆ. ಕಾಫಿ ಎರಡನೆಯ ಸಲ ಬರುತ್ತದೆ. ಆತ ಗೇಟು ದಾಟುವಾಗ ಮುದುಕಿ ಇನ್ನೂ ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುತ್ತಿರುತ್ತಾರೆ.