ಎಂಟು–ನಾಲ್ಕರ ಮನೆ, ಎರಡೇ ಗಾಲಿ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಗಾಲಿಯ ಮೇಲಿನ ಮನೆಯನ್ನು ಲೆಕ್ಕಕ್ಕೆ ಹಿಡಿದಿರಲಿಕ್ಕಿಲ್ಲ. ನೆಲದ ಮೇಲಿನ ಮನೆಯಲ್ಲಿ ಗೋಡೆ ಒಂದಿಷ್ಟು ವಾಲಿದರೂ ಗಾರೆ ಮೆತ್ತಿ, ಸುಣ್ಣ ಬಳಿದು ಮರೆಮಾಚಬಹುದು. ಅಡುಗೆಮನೆ ಯಾವ ಮೂಲೆಗೆ ಬಂದರೂ ಮನೆ ನಿಂತೇ ಇರುತ್ತದೆ. ಕಾರಿನ ಹಿಂದೆ ಕಟ್ಟಿಕೊಂಡು ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿ ಎಳೆದೊಯ್ಯುವ ಮನೆಗೆ ಆ ಸಲಿಗೆ ಇಲ್ಲ. ಅದರಲ್ಲಿ ನೀರಿನ ಕ್ಯಾನು ಎಲ್ಲಿದೆ ಎನ್ನುವುದೂ ದಾರಿಹೋಕರ ಜೀವದ ಪ್ರಶ್ನೆಯಾಗುತ್ತದೆ.

ಅಮೆರಿಕದಲ್ಲಿ ಇಂಥ ಪುಟ್ಟ ಮನೆಗಳನ್ನು ಜನ ತಮ್ಮ ಕಾರ್ ಶೆಡ್ಡಿನಲ್ಲಿ ತಾವೇ ಕಟ್ಟಿಕೊಳ್ಳುವ ರೂಢಿ ಹಳೆಯದು. ಮುಂಭಾಗ ದುಂಡಗೆ, ಹಿಂಭಾಗ ಇಳಿಜಾರು. ಪಕ್ಕದಿಂದ ನೋಡಿದರೆ ಅಡ್ಡ ಮಲಗಿಸಿದ ಕಣ್ಣೀರ ಹನಿಯಂತೆ ಕಾಣುವುದರಿಂದ ‘ಟಿಯರ್‌ಡ್ರಾಪ್’ ಎಂದೇ ಹೆಸರು. 1930ರ ದಶಕದಲ್ಲಿ ಕಾಣಿಸಿಕೊಂಡ ಈ ಬಂಡಿ ಎರಡನೆಯ ಮಹಾಯುದ್ಧ ಮುಗಿದ ಮೇಲೆ ಜನಪ್ರಿಯವಾಯಿತು. ‘ಮೆಕ್ಯಾನಿಕ್ಸ್ ಇಲ್ಲಸ್ಟ್ರೇಟೆಡ್’ ಎಂಬ ಪತ್ರಿಕೆ 1947ರ ಸೆಪ್ಟೆಂಬರ್ ಸಂಚಿಕೆಯಲ್ಲಿ ಇದರ ನಕ್ಷೆಯನ್ನೇ ಪ್ರಕಟಿಸಿತು. ಮುಂದೆ ದೊಡ್ಡ ದೊಡ್ಡ ಟ್ರೇಲರುಗಳು ಬಂದು ಈ ಹನಿಯನ್ನು ಮೂಲೆಗೆ ತಳ್ಳಿದವು. ಆದರೂ ಕೈಗೆ ಕೆಲಸ ಬೇಕೆನ್ನುವವರು ಇದನ್ನು ಕೈಬಿಡಲಿಲ್ಲ, ಈಗಲೂ ಕಟ್ಟುತ್ತಿದ್ದಾರೆ.

ಇದರ ಅಳತೆಯನ್ನು ನಿರ್ಧರಿಸುವುದು ಮಲಗುವ ಮನುಷ್ಯನಲ್ಲ, ಪ್ಲೈವುಡ್ ಹಲಗೆ. ನಮ್ಮ ಊರಿನ ಬಡಗಿಗಳು ‘ಎಂಟು–ನಾಲ್ಕರ ಶೀಟು’ ಎನ್ನುತ್ತಾರಲ್ಲ, ಅಲ್ಲಿಯೂ ಅದೇ ಅಳತೆ. 8 ಅಡಿ ಉದ್ದ, 4 ಅಡಿ ಅಗಲದ ಒಂದು ಶೀಟು ನೆಲಕ್ಕೆ, ಎಡಬಲದ ಗೋಡೆಗಳಿಗೆ ಒಂದೊಂದು. ಗೋಡೆಯ ಎತ್ತರವೂ 4 ಅಡಿಯೇ. ಒಳಗೆ ಇಬ್ಬರು ಮಲಗಬಹುದು, ಕೂರಬಹುದು, ನಿಲ್ಲುವಂತಿಲ್ಲ. ಅಡುಗೆಮನೆ ಬಂಡಿಯ ಬಾಲದಲ್ಲಿ. ಹಿಂಬದಿಯ ಮುಚ್ಚಳವನ್ನು ಎತ್ತಿ ನಿಲ್ಲಿಸಿದರೆ ಅದೇ ಸೂರು. ಅಡುಗೆ ಮಾಡುವವರು ಹೊರಗೆ ನೆಲದ ಮೇಲೆ ನಿಂತು ಮಾಡಬೇಕು.

ಒಹಾಯೋ ರಾಜ್ಯದ ಕೊಲಂಬಸ್ ನಗರದ ಹೊರವಲಯದಲ್ಲಿರುವ ಒಂದು ಕನ್ನಡ ಕುಟುಂಬದ ಶೆಡ್ಡಿನಲ್ಲಿ 2018ರ ಅಕ್ಟೋಬರಿನಲ್ಲಿ ಇಂಥದೊಂದು ಬಂಡಿಯ ಕೆಲಸ ಶುರುವಾಯಿತು. ಆಸೆ ಹದಿನೇಳು ವರ್ಷದ ಮಗನದು. ತಂದೆ ಅರಸೀಕೆರೆ ಕಡೆಯವರು, ಕಂಪ್ಯೂಟರ್ ಎಂಜಿನಿಯರ್. ತಿಂಗಳಲ್ಲಿ ಉತ್ಸಾಹ ಇಳಿದೀತು ಎಂಬ ನಂಬಿಕೆಯಿಂದಲೇ ಅವರು ಹ್ಞೂಂ ಅಂದದ್ದು. ತಾಯಿಗೆ ಆ ನಂಬಿಕೆಯೂ ಇರಲಿಲ್ಲ. “ಕಾಲೇಜಿನ ಅರ್ಜಿ ತುಂಬೋ ಹೊತ್ತಲ್ಲಿ ಇದೆಂಥ ಬಡಗಿ ಕೆಲಸರೀ? ಅವನು ಕೇಳ್ದ ಅಂತ ನೀವೂ ತಲೆ ಆಡಿಸಿಬಿಟ್ರಾ?” ಎಂದು ಗಂಡನನ್ನು ತರಾಟೆಗೆ ತೆಗೆದುಕೊಂಡರು.

ಕಬ್ಬಿಣದ ಚೌಕಟ್ಟು, ಅಚ್ಚು, ಗಾಲಿಗಳು ಬಿಡಿಭಾಗಗಳಾಗಿ ಪೆಟ್ಟಿಗೆಯಲ್ಲಿ ಸಿಗುತ್ತವೆ. ನಟ್ಟು ಬೋಲ್ಟು ಬಿಗಿದು ಜೋಡಿಸಿಕೊಂಡರಾಯಿತು. ಕಷ್ಟ ಬರುವುದು ಮರದ ಕೆಲಸದಲ್ಲಿ. ಗೋಡೆಯ ಬಾಗನ್ನು ಗುರುತಿಸಲು ಹುಡುಗ ಹಲಗೆಯ ಮೇಲೆ ಅಲ್ಲಲ್ಲಿ ಮೊಳೆ ಹೊಡೆದು, ತೆಳ್ಳನೆಯ ಮರದ ಪಟ್ಟಿಯನ್ನು ಅವುಗಳ ಮೇಲೆ ಬಗ್ಗಿಸಿ ಗೆರೆ ಎಳೆದ. ಎರಡೂ ಹಲಗೆಗಳನ್ನು ಒಂದರ ಮೇಲೊಂದಿಟ್ಟು ಬಿಗಿದು ಒಟ್ಟಿಗೇ ಕೊಯ್ದದ್ದರಿಂದ ಎಡಗೋಡೆಗೂ ಬಲಗೋಡೆಗೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ತಂದೆ ಬೆರಗಾದರು.

ಬೆರಗು ಒಂದು ವಾರ ಉಳಿಯಿತು. ಒಳಗಿನ ಅಡ್ಡಗೋಡೆ ಮತ್ತು ಕಪಾಟು ಕೂರಿಸಲು ಹಲಗೆಯಲ್ಲಿ ಗಾಡಿ ತೋಡಬೇಕು. ಹುಡುಗ ಎರಡೂ ಹಲಗೆಗಳನ್ನು ಒಂದೇ ದಿಕ್ಕಿಗೆ ಮುಖ ಮಾಡಿಟ್ಟು ಅಚ್ಚುಕಟ್ಟಾಗಿ ತೋಡಿದ. ಎತ್ತಿ ನಿಲ್ಲಿಸಿದಾಗ ಗೊತ್ತಾಯಿತು: ಅವನ ಬಳಿ ಇದ್ದದ್ದು ಎರಡು ಎಡಗೋಡೆಗಳು. ಒಂದರ ಗಾಡಿ ಒಳಕ್ಕೆ, ಇನ್ನೊಂದರದು ಬೀದಿಗೆ. ಎಡಗಾಲಿನ ಎರಡು ಚಪ್ಪಲಿ ಕೊಂಡು ತಂದವನ ಸ್ಥಿತಿ. ಜ್ಯಾಮಿತಿಯಲ್ಲಿ ಕನ್ನಡಿ ಬಿಂಬದ ಲೆಕ್ಕಗಳನ್ನು ನಿದ್ದೆಗಣ್ಣಲ್ಲೂ ಬಿಡಿಸುತ್ತಿದ್ದ ಹುಡುಗ ಅವನು.

ತಂದೆಯ ನಾಲಿಗೆಯ ತುದಿಗೆ ಬಂದ ಮಾತುಗಳು ಹಲವು. ಬೆಳಿಗ್ಗೆ ಅಳತೆ ನೋಡಿಕೊಡುತ್ತೇನೆಂದರೆ ಬೇಡ ಎಂದಿದ್ದವನು ಮಗನೇ. ಆದರೆ ತಪ್ಪನ್ನು ತೋರಿಸುವ ಅಗತ್ಯವೇ ಅಲ್ಲಿರಲಿಲ್ಲ. ಎಂಟಡಿ ಉದ್ದದ ತಪ್ಪು ಎದುರಿಗೇ ನಿಂತಿತ್ತು. ಪರೀಕ್ಷೆಯ ಹಾಳೆಯಲ್ಲಾದರೆ ಕೆಂಪು ಗೀಟು ಹಾಕುವವರು ಬೇರೆಯವರು. ಇಲ್ಲಿ ಹಲಗೆಯೇ ಗೀಟು ಹಾಕಿತ್ತು. ಅವರು ಕಾರಿನ ಬೀಗದ ಕೈ ಎತ್ತಿಕೊಂಡು, “ಅಂಗಡಿ ಮುಚ್ಚೋಕೆ ಇನ್ನೂ ಒಂದು ಗಂಟೆ ಇದೆ, ನಡಿ” ಎಂದರು. ಹೊಸ ಶೀಟಿನ ದುಡ್ಡನ್ನು ಹುಡುಗ ತಾನು ರಜೆಯಲ್ಲಿ ದುಡಿದದ್ದರಿಂದ ಕೊಟ್ಟ. ಕೆಟ್ಟ ಹಲಗೆ ವ್ಯರ್ಥವಾಗಲಿಲ್ಲ. ತುಂಡಾಗಿ ಅಡುಗೆ ಕಪಾಟಿನ ತಟ್ಟುಗಳಾಯಿತು.

ಚಳಿಗಾಲ ಕಳೆಯುವ ಹೊತ್ತಿಗೆ ಮನೆಗೆ ಸೂರು ಬಂತು. ದಪ್ಪ ಹಲಗೆ ಬಾಗುವುದಿಲ್ಲ, ಮುರಿಯುತ್ತದೆ. ಹಾಗಾಗಿ ತೆಳು ಪ್ಲೈವುಡ್ಡನ್ನು ಅಡ್ಡಪಟ್ಟಿಗಳ ಮೇಲೆ ಮೆಲ್ಲಗೆ ಬಗ್ಗಿಸಿ ಕೂರಿಸಿದರು. ನಡುವೆ ಥರ್ಮೋಕೋಲಿನಂಥ ಹಾಳೆ, ಮೇಲೆ ಅಲ್ಯೂಮಿನಿಯಂ ತಗಡು. ಪ್ಲೈವುಡ್ಡಿನ ಶತ್ರು ನೀರು. ನೀರು ನುಗ್ಗುವುದು ಅದರ ಅಂಚಿನಿಂದ. ಅಂಚು, ಸಂದು, ಮೊಳೆಯ ತೂತುಗಳಿಗೆಲ್ಲ ಮೇಣದಂಥ ಪಟ್ಟಿ ಮೆತ್ತಿ ಮುಚ್ಚುವುದರಲ್ಲೇ ಎರಡು ಭಾನುವಾರ ಹೋದವು. ದೀಪದ ತಂತಿಗಳನ್ನು ಹುಡುಗ ಒಬ್ಬನೇ ಎಳೆದ. ಬಿಳಿ ತಂತಿ ಅರ್ಥಿಂಗಿಗೆ, ಕಂದು ಹಿಂದೀಪಕ್ಕೆ, ಹಳದಿ ಎಡಕ್ಕೆ, ಹಸಿರು ಬಲಕ್ಕೆ. ಈ ಸಲ ಎಡಬಲ ತಪ್ಪಲಿಲ್ಲ.

ಏಪ್ರಿಲಿನಲ್ಲಿ ಊರಿನಿಂದ ತಾತ ಬಂದರು, ಮೊಮ್ಮಗ ಶಾಲೆ ಮುಗಿಸುವುದನ್ನು ನೋಡಲು. ಎಪ್ಪತ್ತಾರು ವರ್ಷ. ಹರೆಯದಲ್ಲಿ ಎತ್ತಿನ ಗಾಡಿಯಲ್ಲಿ ಕೊಬ್ಬರಿ ಚೀಲ ಹೇರಿಕೊಂಡು ತಿಪಟೂರಿನ ಮಾರುಕಟ್ಟೆಗೆ ಹೋಗುತ್ತಿದ್ದವರು. ಮೊದಲ ದಿನವೇ ಶೆಡ್ಡಿಗೆ ಬಂದು ಬಂಡಿಯನ್ನು ಸುತ್ತು ಹಾಕಿದರು. ಆಗ ಬಂಡಿಯ ಬಾಲದಲ್ಲಿ ಒಲೆ, ಪಾತ್ರೆ, ಮಂಜುಗಡ್ಡೆಯ ಪೆಟ್ಟಿಗೆ, 20 ಲೀಟರಿನ ತುಂಬಿದ ನೀರಿನ ಕ್ಯಾನು ಎಲ್ಲ ಜೋಡಿಸಿಯಾಗಿತ್ತು. ತಾತ ಮುಂದೆ ಬಂದು, ಕಾರಿಗೆ ಕೊಂಡಿ ಹಾಕುವ ಕಬ್ಬಿಣದ ತೊಲೆಯನ್ನು ಎರಡೂ ಕೈಯಲ್ಲಿ ಹಿಡಿದು ಎತ್ತಿದರು. ಅದು ಸಲೀಸಾಗಿ ಮೇಲೆ ಬಂತು.

“ಮೂಕಿ ಇಷ್ಟು ಹಗುರ ಇರಬಾರ್ದು ಮಗಾ. ಹಿಂಭಾರ ಆಗೈತೆ” ಎಂದರು.

“ಹಗುರ ಇದ್ರೆ ಒಳ್ಳೇದಲ್ವಾ ತಾತ?”

“ಎತ್ತಿನ ಕೊರಳು ಕೇಳು, ಹೇಳ್ತೈತೆ.”

ಹಿಂದೆ ಭಾರ ಹೆಚ್ಚಾದ ಗಾಡಿಯಲ್ಲಿ ಮೂಕಿ ಮೇಲೇಳುತ್ತದೆ, ಅದರೊಡನೆ ನೊಗವೂ ಏಳುತ್ತದೆ, ಕೊರಳ ಹಗ್ಗ ಎತ್ತಿನ ಗಂಟಲನ್ನು ಒತ್ತುತ್ತದೆ. ಅದಕ್ಕೇ ಗಾಡಿ ಹೊಡೆಯುವವರು ಹಿಂದೆ ಕೂತವರನ್ನು ‘ಚೂರು ಮುಂದಕ್ಕೆ ಬನ್ರಪ್ಪಾ’ ಎಂದು ಕರೆಯುತ್ತಿದ್ದದ್ದು. ಹೆಗಲ ಮೇಲೆ ಒಂದಿಷ್ಟು ಭಾರ ಕೂತರೇ ಎತ್ತಿಗೆ ಹಿಡಿತ.

ಟ್ರೇಲರಿನ ಕೈಪಿಡಿಗಳು ಹೇಳುವುದೂ ಇದನ್ನೇ, ಅಂಕಿಯಲ್ಲಿ: ಒಟ್ಟು ತೂಕದ ಶೇಕಡ 10ರಿಂದ 15ರಷ್ಟು ಕೊಂಡಿಯ ಮೇಲೆ ಕೂರಬೇಕು. ತಂದೆ ಅದನ್ನು ಓದಿದ್ದರು. ಅಚ್ಚನ್ನು ಲೆಕ್ಕ ಹಾಕಿಯೇ ಕೂರಿಸಿದ್ದರು. ಆದರೆ ಆ ಲೆಕ್ಕ ಖಾಲಿ ಬಂಡಿಯದು. ಅಡುಗೆಮನೆ ತುಂಬಿದ ಮೇಲೆ ಅಳೆದಿರಲಿಲ್ಲ. ಬಚ್ಚಲುಮನೆಯಿಂದ ಮೈತೂಕ ನೋಡುವ ಯಂತ್ರ ಶೆಡ್ಡಿಗೆ ಬಂತು. ಬಂಡಿಯ ಒಟ್ಟು ತೂಕ 430 ಕಿಲೋ. ಕೊಂಡಿಯ ಕೆಳಗೆ ಯಂತ್ರವಿಟ್ಟರೆ ಮುಳ್ಳು ತೋರಿಸಿದ್ದು 23. ಇರಬೇಕಾದದ್ದು ಕನಿಷ್ಠ 43.

ಕೊರತೆ 20 ಕಿಲೋ, ಕ್ಯಾನಿನ ನೀರೂ 20 ಕಿಲೋ. ಹುಡುಗ ಕಾಗದ ತೆಗೆದುಕೊಂಡ. ಹೈಸ್ಕೂಲಿನ ವಿಜ್ಞಾನ ಪುಸ್ತಕದಲ್ಲಿ ಬರುವ ಸನ್ನೆಯ ಪಾಠ ಇದು: ತೂಕವನ್ನು ಅಚ್ಚಿನಿಂದ ಅದಕ್ಕಿರುವ ದೂರದಿಂದ ಗುಣಿಸಬೇಕು. ಕ್ಯಾನು ಅಚ್ಚಿಗಿಂತ 1 ಮೀಟರ್ ಹಿಂದೆ ಇತ್ತು. ತೊಲೆಯ ಮೇಲೆ ಒಂದು ಪೆಟ್ಟಿಗೆ ಕೂರಿಸಿ ಅದರಲ್ಲಿಟ್ಟರೆ ಅಚ್ಚಿಗಿಂತ 1.4 ಮೀಟರ್ ಮುಂದೆ. ಅಂದರೆ 20 ಕಿಲೋ ಭಾರ 2.4 ಮೀಟರ್ ಸರಿದಂತಾಯಿತು, ಗುಣಿಸಿದರೆ 48. ಅಚ್ಚಿನಿಂದ ಕೊಂಡಿಗೂ 2.4 ಮೀಟರೇ. 48ನ್ನು 2.4ರಿಂದ ಭಾಗಿಸಿದರೆ 20. ಕ್ಯಾನು ಜಾಗ ಬದಲಿಸಿತು, ಮುಳ್ಳು 43ಕ್ಕೆ ಬಂದು ನಿಂತಿತು. ಪೆಟ್ಟಿಗೆಯ ತೂಕಕ್ಕೆ ಸಮನಾಗಿ ಒಂದೆರಡು ಪಾತ್ರೆಗಳನ್ನು ಮನೆಯಲ್ಲೇ ಬಿಟ್ಟರು.

“ಈಗ ಮುಂಭಾರ” ಎಂದರು ತಾತ, ಯಂತ್ರದ ಕಡೆ ನೋಡದೆ.

ಮುಂಭಾರವೂ ಅತಿಯಾಗಬಾರದು. ಕಬ್ಬು ಹೇರಿದ ಟ್ರೇಲರಿನ ಭಾರಕ್ಕೆ ಟ್ರ್ಯಾಕ್ಟರಿನ ಮುಂದಿನ ಗಾಲಿಗಳು ನೆಲ ಬಿಟ್ಟೇಳುವುದನ್ನು ಮಂಡ್ಯದ ಕಡೆಯವರು ಕಂಡಿರುತ್ತಾರೆ. ಹಾಗಾದಾಗ ಸ್ಟಿಯರಿಂಗ್ ತಿರುಗಿಸಿದರೂ ಗಾಡಿ ತಿರುಗುವುದಿಲ್ಲ. ಹಿಂಭಾರದ ಅಪಾಯ ಇನ್ನೂ ಕಪಟದ್ದು. ಹಿಂದೆ ಭಾರವಾದ ಟ್ರೇಲರು ನಿಧಾನವಾಗಿ ಹೋಗುವಾಗ ಸಾಧುವಿನಂತೆ ಹಿಂಬಾಲಿಸುತ್ತದೆ. ವೇಗ ಏರಿದಾಗ, ಒಂದು ಲಾರಿ ಪಕ್ಕದಲ್ಲಿ ಗಾಳಿ ಎಬ್ಬಿಸಿಕೊಂಡು ಹೋದಾಗ, ನಾಯಿಬಾಲದಂತೆ ಎಡಕ್ಕೂ ಬಲಕ್ಕೂ ಬೀಸತೊಡಗುತ್ತದೆ. ಒಂದೊಂದು ಬೀಸಿಗೂ ಬೀಸು ಹೆಚ್ಚಾಗಿ ಕೊನೆಗೆ ಕಾರನ್ನೂ ಉರುಳಿಸಬಲ್ಲದು. ಎತ್ತಾದರೆ ಮೊದಲ ಹೆಜ್ಜೆಯಲ್ಲೇ ಗೊರ ಗೊರ ಅನ್ನುತ್ತದೆ, ನಿಲ್ಲುತ್ತದೆ. ಕಾರಿಗೆ ಕೊರಳಿಲ್ಲ. ಅದರ ಪರವಾಗಿ ಮನುಷ್ಯನೇ ಹೊರಡುವ ಮುಂಚೆ ತೂಗಿ ನೋಡಬೇಕು.

ಉಳಿದ ಜಾಗರೂಕತೆಗಳೂ ಇದೇ ಜಾತಿಯವು, ತೋರಿಕೆಗೆ ಸಣ್ಣವು. ಕೊಂಡಿ ಕಳಚಿದರೆ ಹಿಡಿಯಲು ಎರಡು ಸರಪಳಿಗಳಿರುತ್ತವೆ. ಅವನ್ನು ತೊಲೆಯ ಕೆಳಗೆ ಕತ್ತರಿಯಂತೆ ಅಡ್ಡಹಾಯಿಸಿ ಕಟ್ಟಬೇಕು; ಆಗ ತೊಲೆ ರಸ್ತೆಗೆ ಬಡಿಯದೆ ಸರಪಳಿಯ ಜೋಲಿಯಲ್ಲಿ ಬೀಳುತ್ತದೆ. ಗಾಲಿಯ ನಟ್ಟುಗಳನ್ನು ಮೊದಲ 80 ಕಿಲೋಮೀಟರ್ ಆದ ಮೇಲೆ ಮತ್ತೆ ಬಿಗಿಯಬೇಕು. ಒಲೆಯನ್ನು ಮಲಗುವ ಜಾಗದಲ್ಲಿ ಎಂದೂ ಹಚ್ಚಬಾರದು. ಅದರಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ನಿದ್ದೆಯಲ್ಲೇ ಕೊಲ್ಲುತ್ತದೆ. ಮನೆಯಲ್ಲೇ ಮಾಡಿದ ಬಂಡಿಯಾದರೂ ರಸ್ತೆಗಿಳಿಯಲು ಸರ್ಕಾರದ ನೋಂದಣಿ ಬೇಕು, ನಿಯಮ ರಾಜ್ಯಕ್ಕೊಂದು. ಆ ಕಾಗದಪತ್ರಗಳ ಕೆಲಸವನ್ನು, ಮೊದಲ ದಿನ ತರಾಟೆಗೆ ತೆಗೆದುಕೊಂಡಿದ್ದ ತಾಯಿಯೇ ಮೈಮೇಲೆ ಹಾಕಿಕೊಂಡು ಮುಗಿಸಿದರು.

ಜೂನ್ ತಿಂಗಳಲ್ಲಿ ಬಂಡಿ ಕೊಲಂಬಸ್ಸಿನ ಆಗ್ನೇಯಕ್ಕೆ ಒಂದು ಗಂಟೆಯ ದಾರಿಯ ಹಾಕಿಂಗ್ ಹಿಲ್ಸ್ ಉದ್ಯಾನಕ್ಕೆ ಹೊರಟಿತು. ಮರಳುಗಲ್ಲಿನ ಬಂಡೆ, ಗುಹೆ, ಝರಿಗಳ ಕಾಡು ಅದು. ದಾರಿಯುದ್ದಕ್ಕೂ ಹುಡುಗನ ಕಣ್ಣು ಕನ್ನಡಿಯಲ್ಲೇ. ಲಾರಿಗಳು ಹಾದುಹೋದವು, ಬಂಡಿ ಅಲುಗಲಿಲ್ಲ. ರಾತ್ರಿ ತಾತ, ಮೊಮ್ಮಗ ಬಂಡಿಯಲ್ಲಿ ಮಲಗಿದರು; ಗಂಡ ಹೆಂಡತಿಗೆ ಡೇರೆ. ಬೆಳಿಗ್ಗೆ ಗೋಡೆಯ ಮೇಲೆ ನೀರ ಹನಿಗಳು ಸಾಲುಗಟ್ಟಿದ್ದವು. ಸೂರು ಸೋರಿತೆಂದು ಹುಡುಗ ಗಾಬರಿಯಾದ. ಮಳೆಯೇ ಬಂದಿರಲಿಲ್ಲ. ಇಬ್ಬರ ಉಸಿರಿನ ತೇವ ತಣ್ಣನೆಯ ಗೋಡೆಗೆ ತಾಗಿ ನೀರಾಗಿತ್ತು, ಅಷ್ಟೆ. ಮರುದಿನ ರಾತ್ರಿ ಎರಡೂ ಕಿಟಕಿಗಳನ್ನು ಬೆರಳಗಲ ತೆರೆದಿಟ್ಟರು. ಗೋಡೆ ಒಣಗಿಯೇ ಇತ್ತು. ಬಾಲದ ಅಡುಗೆಮನೆಯಲ್ಲಿ ತಾಯಿ ಉಪ್ಪಿಟ್ಟು ಮಾಡಿದರು. ಕೆಟ್ಟ ಗೋಡೆಯಿಂದಾದ ತಟ್ಟಿನ ಮೇಲೆ ತಟ್ಟೆಗಳು ನಿಂತಿದ್ದವು.

ಹುಡುಗನ ಕೈಕೆಲಸದಿಂದ ಅವನ ಅಂಕಗಳು ಏರಲೂ ಇಲ್ಲ, ಇಳಿಯಲೂ ಇಲ್ಲ. ಅಂಕದ ಲಾಭಕ್ಕೆಂದು ಮಕ್ಕಳ ಕೈಗೆ ಗರಗಸ ಕೊಡುವವರಿಗೆ ಈ ಬಂಡಿಯಿಂದ ನಿರಾಸೆಯೇ ಆದೀತು. ಆದದ್ದು ಬೇರೆ. ಪುಸ್ತಕದಲ್ಲಿ ಓದಿದ ಸನ್ನೆ, ಕೈಪಿಡಿಯ ಶೇಕಡ ಹತ್ತು, ತಾತನ ಮುಂಭಾರ ಈ ಮೂರೂ ಒಂದೇ ಮಾತೆಂದು ಅವನಿಗೆ ತಿಳಿದದ್ದು ಇಪ್ಪತ್ತು ಲೀಟರ್ ನೀರನ್ನು ತಾನೇ ಹೊತ್ತು ಹಿಂದಿನಿಂದ ಮುಂದಕ್ಕೆ ಇಟ್ಟಾಗ. ತಂದೆಗೆ ತಿಳಿದದ್ದು ಅದಕ್ಕೂ ಮುಂಚೆ, ಎರಡು ಎಡಗೋಡೆಗಳ ಎದುರು ಬಾಯಿ ಮುಚ್ಚಿ ನಿಂತ ಸಂಜೆ.

ಆಗಸ್ಟಿನಲ್ಲಿ ಮಗ ಕಾಲೇಜಿಗೆ ಹೋದ. ಅದಕ್ಕೂ ಮೊದಲೇ ತಾತ ಊರಿಗೆ ಮರಳಿದ್ದರು. ಹಿಂಬದಿಯ ಮುಚ್ಚಳದ ಒಳಮೈಯಲ್ಲಿ ಹುಡುಗ ಪೆನ್ಸಿಲಿನಿಂದ ಬರೆದಿಟ್ಟ ಎರಡು ಅಂಕಿಗಳಿವೆ, 430 ಮತ್ತು 43. ಅವುಗಳ ಕೆಳಗೆ, ಕನ್ನಡ ಬರೆಯಲು ಬಾರದ್ದರಿಂದ ಇಂಗ್ಲಿಷ್ ಅಕ್ಷರಗಳಲ್ಲಿ, ‘ಮುಂಭಾರ’. ಬಂಡಿಯನ್ನು ಹೊರಗೆ ತೆಗೆಯುವಾಗಲೆಲ್ಲ ತಂದೆ ಅದನ್ನು ಓದಿ, ತೂಕದ ಯಂತ್ರ ತರಲು ಒಳಗೆ ಹೋಗುತ್ತಾರೆ.